ಓಸುಕೆಯ ದನಿ ಕೇಳಿದವನು

ನಾನು ಗುಡ್ಡದ ಮೇಲಿನ ಊರಿನಿಂದ ನಾಗುರಿ ಹೊಳೆಯ ಅಳಿವೆಗೆ ಸೊಸೆಯಾಗಿ ಬಂದ ವರ್ಷ ಸಾಲ್ಮನ್ ಮೀನು ಬಹಳ ದಿನ ಹೊಳೆಗೆ ಬರಲೇ ಇಲ್ಲ. ಕಡಲಿನಲ್ಲಿ ಮೀನಿತ್ತು. ಮರಳದಂಡೆಯ ಆಚೆ, ಅಲೆ ಒಡೆಯುವಲ್ಲಿ, ಅವುಗಳ ಬೆನ್ನು ಕಪ್ಪಗೆ ಕಾಣುತ್ತಿತ್ತು. ಕಡಲಹಕ್ಕಿಗಳು ಇಡೀ ದಿನ ಅಲ್ಲೇ ಕಿರುಚುತ್ತಿದ್ದವು. ಆದರೆ ಮಳೆಯಿಲ್ಲದೆ ಹೊಳೆ ಸೊರಗಿ, ಅಳಿವೆಯ ಬಾಯಿಗೆ ಮರಳು ತುಂಬಿಕೊಂಡಿತ್ತು. ಗಂಡಸರು ಬೆಳಗಾದರೆ ದಂಡೆಗೆ ಹೋಗಿ, ಗುಡ್ಡದ ಕಡೆ ಮೋಡವಿದೆಯೇ ಎಂದು ನೋಡಿ ವಾಪಸಾಗುತ್ತಿದ್ದರು. ನನ್ನ ಮಾವ ಗೆನ್ಪಾಚಿ ಆಗ ಊರಿನ ಬಲೆಗಾರರಿಗೆಲ್ಲ ಹಿರಿಯರು. ಯಾವ ದೋಣಿ ಮೊದಲು ಇಳಿಯಬೇಕು, ಯಾವುದು ಆಮೇಲೆ ಎಂಬುದೆಲ್ಲ ಅವರ ಮಾತಿನಂತೆ ನಡೆಯುತ್ತಿತ್ತು. ಆ ಸಲ ಅವರು ಊಟಕ್ಕೆ ಕೂತಾಗಲೂ ಕಿವಿ ಮಾತ್ರ ಹೊಳೆಯ ಕಡೆಗೇ ಇರುತ್ತಿತ್ತು.

ನಮ್ಮ ಪಕ್ಕದ ಮನೆಯವನೇ ತೊಕುಮಾತ್ಸು. ಉದ್ದ ಕತ್ತಿನ, ನಾಚಿಕೆ ಸ್ವಭಾವದ ಆಳು. ಅಪ್ಪ ಅಮ್ಮ ಇಲ್ಲದೆ ಒಬ್ಬನೇ ಇದ್ದ. ಯುದ್ಧಕ್ಕೆ ಹೋಗಿ ಜೀವಂತ ತಿರುಗಿ ಬಂದವನು, ಆದರೆ ನಾಯಿ ಬೊಗಳಿದರೆ ಬೇಲಿ ಹತ್ತುತ್ತಿದ್ದ. ಒಣಗಲೆಂದು ಸೂರಿಗೆ ಇಳಿಬಿಟ್ಟ ಕಾಕಿ ಹಣ್ಣುಗಳನ್ನು ಅರ್ಧ ಒಣಗುವಷ್ಟರಲ್ಲೇ ಒಂದೊಂದಾಗಿ ಕಿತ್ತು ತಿಂದು, ಹಿಮ ಬೀಳುವ ಹೊತ್ತಿಗೆ ಬರೀ ದಾರ ಉಳಿಸಿಕೊಳ್ಳುತ್ತಿದ್ದ. ಅವನ ಜೊತೆಗಾರ ಇವಾಕಿಚಿ ಇದಕ್ಕೆಲ್ಲ ಅವನನ್ನು ಗೋಳು ಹೊಯ್ದುಕೊಳ್ಳುವನು. ಇವಾಕಿಚಿ ಅಗಲ ಭುಜದ, ದೊಡ್ಡ ಗಂಟಲಿನ ಮನುಷ್ಯ. ದೋಣಿಯಲ್ಲಿ ಕೂತನೆಂದರೆ ಹಾಡದೆ ಇರಲಾರ. ಮುದಿ ತಾಯಿ ಹಾತ್ಸು ಮತ್ತು ತಂಗಿ ಶಿಮೆಯ ಜೊತೆ ಅವನು ದಂಡೆಯ ಕೆಳಗಿನ ಮನೆಯಲ್ಲಿದ್ದ. ಇಬ್ಬರೂ ಒಂದೇ ದಿನ ಸೈನ್ಯಕ್ಕೆ ಹೋದವರು, ಒಂದೇ ರೈಲಿನಲ್ಲಿ ಹಿಂದಿರುಗಿದವರು.

ನಾಗುರಿಯಲ್ಲಿ ಸಾಲ್ಮನ್ ಹಿಡಿಯುವುದಕ್ಕೆ ಇಬ್ಬರು ಬೇಕೇ ಬೇಕು. ಎರಡು ಸಣ್ಣ ದೋಣಿಗಳು ಅಕ್ಕಪಕ್ಕ ಹೊಳೆಯ ಇಳಿಜಾರಿಗೆ ತೇಲುತ್ತವೆ. ನಡುವೆ ಚೀಲದಂಥ ಬಲೆ. ಒಂದು ಕೈಯಲ್ಲಿ ಗಳ, ಇನ್ನೊಂದರಲ್ಲಿ ಬಲೆಯ ಹಗ್ಗ. ಮೀನು ಬಲೆಗೆ ಮೂಗು ತಾಗಿಸಿದ್ದು ಹಗ್ಗದಲ್ಲಿ ಬೆರಳಿಗೆ ಗೊತ್ತಾಗುತ್ತದೆ. ಆ ಕ್ಷಣ ಇಬ್ಬರೂ ದೋಣಿಗಳನ್ನು ಒಟ್ಟಿಗೆ ತಂದು ಬಲೆಯ ಬಾಯಿ ಮುಚ್ಚಬೇಕು. ಒಬ್ಬ ತಡ ಮಾಡಿದರೆ ಮೀನು ಹೋಯಿತು. ಕೆಲವೊಮ್ಮೆ ಇನ್ನೊಬ್ಬನೂ ಹೋಗುತ್ತಾನೆ. ಹಾಗಾಗಿ ಜೊತೆಗಾರನನ್ನು ಆರಿಸುವಾಗ ಇಲ್ಲಿಯವರು ಹೆಣ್ಣು ನೋಡುವುದಕ್ಕಿಂತ ಹೆಚ್ಚು ಯೋಚಿಸುತ್ತಿದ್ದರು.

ಶರತ್ಕಾಲದ ಕೊನೆಗೆ, ಮೊದಲ ಹಿಮಕ್ಕೆ ಮುಂಚೆ, ಒಂದು ಸಂಜೆ ಇಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ. ಸಾಲ್ಮನ್‌ಗಳಿಗೆಲ್ಲ ಹಿರಿಯನಾದ ಓಸುಕೆ ಆವತ್ತು ಹೆಂಡತಿಯ ಜೊತೆ ಹೊಳೆ ಹತ್ತುತ್ತಾನೆ. ಹತ್ತುವಾಗ ತಾನು ಹೋಗುತ್ತಿದ್ದೇನೆಂದು ಕೂಗಿ ಹೇಳುತ್ತಾನೆ. ಆ ದನಿ ಕಿವಿಗೆ ಬಿದ್ದವರು ಮೂರು ದಿನದೊಳಗೆ ಸಾಯುತ್ತಾರೆ. ಅದಕ್ಕೇ ಸಂಜೆಗೆ ಮುಂಚೆ ದೋಣಿಗಳನ್ನೆಲ್ಲ ದಂಡೆಗೆ ಎಳೆದು, ಮನೆ ಮನೆಯಲ್ಲೂ ಒರಳಲ್ಲಿ ಅಂಟಕ್ಕಿ ಕುಟ್ಟುತ್ತಾರೆ, ಡೋಲು ಬಡಿಯುತ್ತಾರೆ, ಕುಡಿದು ಹಾಡುತ್ತಾರೆ. ಹೊಳೆಯ ಸದ್ದು ಒಳಗೆ ಬರಬಾರದು. ನಮ್ಮ ಗುಡ್ಡದ ಊರಿನಲ್ಲಿ ಇದಿರಲಿಲ್ಲ. ನನಗೆ ಮೊದಲು ನಗು ಬಂತು. ಅತ್ತೆಯ ಮುಖ ನೋಡಿ ನಿಲ್ಲಿಸಿದೆ.

ಆ ವರ್ಷ, ಸರಿಯಾಗಿ ಆ ದಿನದ ಬೆಳಿಗ್ಗೆ ಗುಡ್ಡದ ಮೇಲೆ ಮಳೆ ಸುರಿಯಿತು. ಮಧ್ಯಾಹ್ನಕ್ಕೆ ಕೆಂಪು ನೀರು ಬಂದು ಅಳಿವೆಯ ಮರಳನ್ನು ಒಡೆದುಕೊಂಡು ಹೋಯಿತು. ಕಾದಿದ್ದ ಮೀನು ಒಂದರ ಮೇಲೊಂದು ಒಳಗೆ ನುಗ್ಗಿತು. ಗಂಡಸರೆಲ್ಲ ಓಡಿದರು. ಅರ್ಧ ದಿನದಲ್ಲಿ ಎಷ್ಟು ಹಿಡಿಯಲು ಸಾಧ್ಯವೋ ಅಷ್ಟು ಹಿಡಿದರು. ಬೆಳಕು ಇಳಿಯತೊಡಗಿದಾಗ ಮಾವ ದಂಡೆಯ ಮೇಲೆ ನಿಂತು ಎಲ್ಲರನ್ನೂ ಮೇಲೆ ಕರೆದರು. ಒಂದೊಂದೇ ದೋಣಿ ಮೇಲೆ ಬಂತು, ಎರಡು ಬಿಟ್ಟು.

ತೊಕುಮಾತ್ಸು ಸಾಕು ಹೋಗೋಣ ಎಂದನಂತೆ. ಇವಾಕಿಚಿ ಕೇಳಲಿಲ್ಲ.

"ಇನ್ನೊಂದೇ ಸಲ ಕಣೋ. ಮೀನು ತಾನಾಗಿ ಬಂದು ಬಲೇಲಿ ಕೂರ್ತಾ ಇದೆ, ನೀನು ಮುದುಕಿ ಥರ ನಡುಗ್ತಾ ಇದೀಯಲ್ಲ. ಅದೇನು ನಾಯೀನಾ?"

ನಾಯಿಯ ಮಾತು ಬಂದ ಮೇಲೆ ತೊಕುಮಾತ್ಸು ಗಳ ಎತ್ತಿಕೊಂಡ. ದೋಣಿಗಳು ಮತ್ತೆ ಮೇಲಿನಿಂದ ತೇಲಿ ಬಂದವು. ಅಷ್ಟರಲ್ಲಿ ಮಂಜು ಕವಿಯಿತು. ಊರಿನಲ್ಲಿ ಡೋಲು, ಒರಳು ಶುರುವಾದವು, ನಾನೂ ಕುಟ್ಟುತ್ತಿದ್ದೆ. ಹೊಳೆ ಒಂದು ಕಡೆ ಬಂಡೆಯ ಹಿಂದೆ ತಿರುಗುತ್ತದೆ. ಅಲ್ಲಿಗೆ ಊರಿನ ಸದ್ದು ಮುಟ್ಟುವುದಿಲ್ಲ, ಬಂಡೆ ತಡೆಯುತ್ತದೆ. ಆ ತಿರುವಿನಲ್ಲಿ ತೊಕುಮಾತ್ಸುವಿಗೆ ದನಿ ಕೇಳಿಸಿತು.

ಅದು ಕೂಗಿನಂತೆ ಇರಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಅವನೇ ನನಗೆ ಹೇಳಿದ. ಬೇಲಿಯಾಚೆಯಿಂದ ಪಕ್ಕದ ಮನೆಯವರು ಮಾತಾಡಿಸಿದ ಹಾಗೆ ಇತ್ತಂತೆ, ಸಮಾಧಾನವಾಗಿ: "ಓಸುಕೆ ಈಗ ಹೋಗ್ತಾ ಇದಾನೆ." ಕೂಡಲೇ ಹಗ್ಗ ಕಲ್ಲು ಕಟ್ಟಿದಂತೆ ಭಾರವಾಯಿತು, ಮತ್ತೆ ಸಡಿಲವಾಯಿತು. ಬಲೆಯ ತಳ ಹರಿದುಹೋಗಿತ್ತು.

"ನೀನೇನಾದ್ರೂ ಅಂದ್ಯಾ?" ಎಂದು ಅವನು ಮಂಜಿನಾಚೆಗೆ ಕೇಳಿದ.

"ಏನ್ ಅನ್ಲಿ? ಹಾಡ್ತಾ ಇದ್ದೆ," ಎಂದ ಇವಾಕಿಚಿ.

ದಂಡೆಗೆ ಬಂದ ಮೇಲೆ ತೊಕುಮಾತ್ಸು ಕೇಳಿಸಿದ್ದನ್ನು ಹೇಳಿದ. ಇವಾಕಿಚಿ ಮೊದಲು ನಕ್ಕ. ಆಮೇಲೆ ಹರಿದ ಬಲೆಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದ. ಯಾರಿಗೂ ಹೇಳಬೇಡ ಎಂದ. ಗೆಳೆಯನ ತೋಳು ಹಿಡಿದು ನೇರ ತನ್ನ ಮನೆಗೆ ಕರೆದುಕೊಂಡು ಹೋದ.

ಹೇಳದಿದ್ದರೂ ಮರುದಿನಕ್ಕೆ ಊರಿಗೆ ಗೊತ್ತಾಯಿತು. ತೊಕುಮಾತ್ಸುವಿನ ಮುಖ ಬೂದಿಯಾಗಿತ್ತು. ಬೆಳಿಗ್ಗೆ ಹೊರಗೆ ಬಂದವನು ತನ್ನ ಹೊಸ ಹತ್ತಿಯ ಅಂಗಿಯನ್ನು ನನ್ನ ಗಂಡನಿಗೆ ಕೊಟ್ಟು, ಚಳಿಗಾಲಕ್ಕೆ ಆಗುತ್ತದೆ, ಇಟ್ಟುಕೋ ಎಂದ. ನನ್ನ ಗಂಡ ಅದನ್ನು ಬೇಡವೆನ್ನಲೂ ಆಗದೆ, ತೊಡಲೂ ಆಗದೆ ಕೊಟ್ಟಿಗೆಯಲ್ಲಿಟ್ಟ. ಮಾವ ಇವಾಕಿಚಿಯ ಮನೆಯ ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡದೆ ತಿರುಗಿ ಬಂದರು.

ಇವಾಕಿಚಿ ಗೆಳೆಯನನ್ನು ಕಣ್ಣು ತಪ್ಪಿಸಿ ಎಲ್ಲಿಗೂ ಬಿಡಲಿಲ್ಲ. ಒಲೆಗುಂಡಿಯ ಪಕ್ಕ ಕೂರಿಸಿಕೊಂಡ. ಹಾತ್ಸು ಅಜ್ಜಿ ಮೂಲಂಗಿ ಹಾಕಿ ಮಿಸೊ ಸಾರು ಮಾಡಿ ಬಡಿಸಿದಳು. ಮುಳ್ಳು ಸಿಕ್ಕಿಕೊಂಡೀತೆಂದು ಮೀನನ್ನು ತಾನೇ ಬಿಡಿಸಿ ಕೊಟ್ಟಳು. ಅವನು ಬಾವಿಗೆ ಹೋಗಬೇಕೆಂದರೆ ಶಿಮೆ ಹಿಂದೆಯೇ ಹೋಗಿ ನಿಲ್ಲುವಳು. ಎರಡು ದಿನ ಹೀಗೇ ಕಳೆಯಿತು. ಇವಾಕಿಚಿ ತಮಾಷೆ ಮಾಡುತ್ತಲೇ ಇದ್ದ, ಆದರೆ ಹಾಡುವುದನ್ನು ನಿಲ್ಲಿಸಿದ್ದ.

ಮೂರನೆಯ ದಿನ ಹೊಳೆ ಮತ್ತೆ ಏರಿತು. ದಂಡೆಗೆ ಎಳೆದಿದ್ದ ದೋಣಿಗಳ ಬುಡಕ್ಕೇ ನೀರು ಬಂತು. ಮಧ್ಯಾಹ್ನ ಶಿಮೆ ಓಡಿ ಬಂದು, ತೊಕುವಿನ ದೋಣಿಯ ಕಟ್ಟು ಸಡಿಲವಾಗಿದೆ, ನೀರಿನಲ್ಲಿ ಅಲ್ಲಾಡುತ್ತಿದೆ ಎಂದಳು. ತೊಕುಮಾತ್ಸು ಎದ್ದ. ಇವಾಕಿಚಿ ಅವನ ಭುಜ ಹಿಡಿದು ಕೆಳಗೆ ಒತ್ತಿದ.

"ನೀನು ಕೂತ್ಕೋ. ಇವತ್ತೊಂದಿನ ನೀರಿನ ಹತ್ರ ಸುಳೀಬೇಡ. ನಾನು ಕಟ್ಟಿ ಬರ್ತೀನಿ."

ಹುಲ್ಲಿನ ಗೊರಬು ಹೊದ್ದು ಹೋದ. ಸಾರು ಕುದಿಯುತ್ತಿತ್ತು. ಅದು ಬತ್ತಿದರೂ ಅವನು ಬರಲಿಲ್ಲ. ಸಂಜೆಗೆ ಅಳಿವೆಯ ಮರಳಿನಲ್ಲಿ ಅವನನ್ನು ಕಂಡವರು ನನ್ನ ಮಾವ. ಹತ್ತಿರದಲ್ಲೇ ಮಗುಚಿ ಬಿದ್ದಿದ್ದ ದೋಣಿ ತೊಕುಮಾತ್ಸುವಿನದು.

ಇದಾದ ಮೇಲೆ ತೊಕುಮಾತ್ಸುವನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ. ಆದರೆ ಮುಂದಿನ ಶರತ್ಕಾಲಕ್ಕೆ ದೋಣಿ ಜೋಡಿ ಮಾಡುವಾಗ ಅವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವನಿಗೆ ಬಂದ ಸಾವು ದಾರಿ ತಪ್ಪಿ ಪಕ್ಕದವನನ್ನು ಒಯ್ದಿತು, ಇನ್ನೂ ಅವನನ್ನು ಹುಡುಕುತ್ತಿದೆ, ಮುಂದೆಯೂ ಪಕ್ಕದವರನ್ನೇ ಒಯ್ದೀತು ಎಂದು ಜನ ನಂಬಿದರು. ಅಂಗಡಿಯಲ್ಲಿ ಅವನು ಬಂದು ಕೂತರೆ ಪಕ್ಕದವನಿಗೆ ಏನೋ ಕೆಲಸ ನೆನಪಾಗುತ್ತಿತ್ತು. ನಾನೂ ನನ್ನ ಮಕ್ಕಳನ್ನು ಅವನ ಅಂಗಳಕ್ಕೆ ಬಿಡುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದವನು ಅವನೇ. ಹೊಳೆಯ ಮೇಲ್ಭಾಗಕ್ಕೆ ಒಬ್ಬನೇ ಹೋಗಿ, ಮೊಟ್ಟೆಯಿಟ್ಟು ಬಿಳಿಚಿ, ರೆಕ್ಕೆ ಹರಿದು ಸಾಯಲು ಬಿದ್ದ ಮೀನುಗಳನ್ನು ಕೊಕ್ಕೆಯಿಂದ ಎಳೆದು ತಂದು, ಉಪ್ಪು ಹಾಕಿ ಅದನ್ನೇ ತಿನ್ನುತ್ತಿದ್ದ. ಅಂಥ ಮೀನಿನಲ್ಲಿ ಸ್ವಾದವಿರುವುದಿಲ್ಲ. ಯಾರಾದರೂ ದಾರಿಯಲ್ಲಿ ಎದುರಾದರೆ ತಾನೇ ಗದ್ದೆಗೆ ಇಳಿದು ಜಾಗ ಬಿಡುತ್ತಿದ್ದ.

ಶಿಮೆಗೆ ಮದುವೆ ಗೊತ್ತಾಗಿತ್ತು. ಅಣ್ಣ ಹೋದ ಮೇಲೆ ಗಂಡಿನ ಕಡೆಯವರು ಹಿಂದೆಗೆದರು. ಅವಳೂ ಅದರ ಮಾತೆತ್ತಲಿಲ್ಲ. ಮೀನಿಗೆ ಉಪ್ಪು ಹಾಕುವ ಕೊಟ್ಟಿಗೆಯಲ್ಲಿ ನನ್ನ ಜೊತೆ ಸೀಳುವ ಕೆಲಸ ಮಾಡುತ್ತಿದ್ದಳು. ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಮೀನು ಬರಲು ಶುರುವಾದ ಹೊತ್ತಿನಲ್ಲಿ, ಅವಳು ಅಣ್ಣನ ಗಳವನ್ನು ಹೆಗಲ ಮೇಲಿಟ್ಟುಕೊಂಡು ನಮ್ಮ ಅಂಗಳ ದಾಟಿ ತೊಕುಮಾತ್ಸುವಿನ ಬಾಗಿಲಿಗೆ ಹೋದಳು. ಬೇಲಿಯ ಈಚೆ ಬಟ್ಟೆ ಹರವುತ್ತಿದ್ದ ನನಗೆ ಎಲ್ಲ ಕೇಳಿಸಿತು.

"ತೊಕು ಅಣ್ಣಾ, ನಾಳೆ ದೋಣಿ ಇಳಿಸ್ತೀನಿ. ಹಗ್ಗದ ಆ ಕೊನೆ ಹಿಡಿಯೋಕೆ ಒಬ್ರು ಬೇಕು."

ಅವನು ಬಾಗಿಲನ್ನು ಪೂರ್ತಿ ತೆರೆಯಲೂ ಇಲ್ಲ. "ಬೇಡ ಶಿಮೆ. ನನ್ನ ಪಕ್ಕ ಇದ್ದೋರು..."

"ಗೊತ್ತು. ಹೋಗಿದ್ದು ನನ್ನಣ್ಣ ತಾನೆ? ನನಗೇ ಹೇಳ್ಕೊಡ್ತೀಯಾ?"

ಹೆಂಗಸು ಬಲೆಯ ದೋಣಿಗೆ ಇಳಿಯುವುದು ನಾಗುರಿಯಲ್ಲಿ ಇರಲಿಲ್ಲ. ಮಾವ ಅವಳನ್ನು ಕರೆದು ಹೇಳಿದರು. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, ಮರುದಿನ ದೋಣಿ ಇಳಿಸಿದಳು. ತೊಕುಮಾತ್ಸು ಬಂದು ಹಗ್ಗದ ಆ ಕೊನೆ ಹಿಡಿದ. ಮಾವ ಸರದಿ ಕೊಡಲಿಲ್ಲವಾದ್ದರಿಂದ ಇಬ್ಬರೂ ಉಳಿದವರೆಲ್ಲ ಮುಗಿಸಿದ ಮೇಲೆ ತೇಲುತ್ತಿದ್ದರು. ಊರಿನವರು ಇದಕ್ಕೆ ಒಂದೇ ಅರ್ಥ ಹಚ್ಚಿದರು. ಹಾತ್ಸು ಅಜ್ಜಿಯೇ ಒಲೆಯ ಮುಂದೆ ಕೂತು ನನ್ನ ಅತ್ತೆಗೆ ಹೇಳಿದ್ದಳು: "ಅವಳಿಗೆ ಮೀನು ಬೇಕಾಗಿಲ್ಲ ಕಣೆ. ಒಂದಿನ ಅವನನ್ನ ಹೊಳೆಗೆ ಕೊಟ್ಟು ಬರ್ತಾಳೆ, ನೋಡ್ತಾ ಇರು." ಹೇಳುವಾಗ ಅಜ್ಜಿಗೆ ಅದರಿಂದ ಸಂತೋಷವೋ ಭಯವೋ ನನಗೆ ತಿಳಿಯಲಿಲ್ಲ. ಅಂದಿನಿಂದ ಅವರ ದೋಣಿಗಳು ಮಂಜಿನಲ್ಲಿ ಮರೆಯಾದಾಗಲೆಲ್ಲ ನಾನು ಎರಡೂ ಹೊರಗೆ ಬರುವವರೆಗೆ ಚಾಕು ಕೆಳಗಿಟ್ಟು ನೋಡುತ್ತಿದ್ದೆ.

ಅವರಿಬ್ಬರೂ ಜೋಡಿಯಾದ ಎರಡನೆಯ ಶರತ್ಕಾಲದಲ್ಲಿ ಓಸುಕೆಯ ದಿನ ಬಂತು. ಆವತ್ತು ಸಂಜೆಗೆ ಮುಂಚೆ ದೋಣಿ ಎಳೆಯಲು ತೊಕುಮಾತ್ಸು ಹಗ್ಗ ತರುತ್ತಿದ್ದಾಗ ಶಿಮೆ, ಎಲ್ಲಿ ದನಿ ಕೇಳಿಸಿತೋ ಅಲ್ಲಿಗೆ ತನ್ನನ್ನು ಕರೆದುಕೊಂಡು ಹೋಗು ಎಂದಳು. ಅವನು ಕೈ ಮುಗಿದ. ಅವಳು ದೋಣಿಯಲ್ಲಿ ಹೋಗಿ ಕೂತಳು.

"ನೀನು ಕೇಳಿದ್ದು ನಿಜಾನಾ ಸುಳ್ಳಾ, ನನಗೆ ಗೊತ್ತಾಗ್ಬೇಕು. ನೀನು ಬರ್ದಿದ್ರೆ ಒಬ್ಳೇ ಹೋಗ್ತೀನಿ."

ಅವಳನ್ನು ಒಬ್ಬಳೇ ಬಿಡಲು ಅವನಿಂದ ಆಗಲಿಲ್ಲ. ಎರಡು ದೋಣಿಗಳೂ ಜೋಡಿಯಾಗಿ ಇರಲೆಂದು ನಡುವೆ ಬಲೆಯನ್ನೂ ಬಿಟ್ಟು, ಬಂಡೆಯ ತಿರುವಿಗೆ ಹೋಗಿ ಗಳ ಊರಿ ನಿಂತರು. ಬೆಳಕು ಇಳಿಯಿತು. ಊರಿನ ಡೋಲು ಬಂಡೆಯಾಚೆಗೇ ಉಳಿಯಿತು. ನೀರು ದೋಣಿಯ ಹಲಗೆಗೆ ತಾಗುವ ಸದ್ದು, ಎಲ್ಲೋ ಒಂದು ಬಾತುಕೋಳಿ. ಬಹಳ ಹೊತ್ತು ಹಾಗೇ ಕಳೆಯಿತು.

"ಕೇಳಿಸ್ತಾ?" ಎಂದಳು ಶಿಮೆ.

"ಇಲ್ಲ. ನಿನಗೆ?"

"ಇಲ್ಲ."

ತೊಕುಮಾತ್ಸು ಅವಳ ಮುಖ ನೋಡಲಾರದೆ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ನೀರು ನೋಡುತ್ತಿದ್ದ. ಅದೇ ತಪ್ಪಾಯಿತು. ಮೀನಿನ ಒಂದು ದೊಡ್ಡ ಗುಂಪು ಒಮ್ಮೆಗೇ ಬಲೆಗೆ ನುಗ್ಗಿತು. ಹಗ್ಗ ಬಿಗಿದು ಅವನನ್ನು ದೋಣಿಯಿಂದ ಕಿತ್ತು ನೀರಿಗೆ ಎಳೆಯಿತು. ಹಿಮಕ್ಕೆ ಮುಂಚಿನ ನೀರು. ಉಸಿರು ಅಲ್ಲೇ ಕಟ್ಟುತ್ತದೆ. ತಲೆ ಮೇಲೆ ಬಂದಾಗ ಅವನಿಗೆ ಶಿಮೆ ಕಂಡಳು. ಹಗ್ಗದ ಇನ್ನೊಂದು ಕೊನೆ ಅವಳ ಕೈಯಲ್ಲಿತ್ತು. ಅವಳು ನಿಂತೇ ಇದ್ದಳು.

"ಅವಳು ಎಳೀಲಿಲ್ಲ ಅಕ್ಕ," ಎಂದು ಅವನು ನನಗೆ ಹೇಳಿದ್ದ. "ನಾನು ಎರಡು ಸಲ ಮುಳುಗಿ ಎದ್ದೆ. ನೋಡ್ತಾ ನಿಂತಿದ್ಲು. ಆಮೇಲೆ ಎಳೆದ್ಲು."

ಶಿಮೆ ಇದನ್ನು ಅಲ್ಲವೆಂದು ಎಂದೂ ಹೇಳಲಿಲ್ಲ. ಕೈ ಜೋಮು ಹಿಡಿದಿತ್ತು ಎಂದಳು, ಅಷ್ಟೆ. ಅವನನ್ನು ದಂಡೆಗೆ ತಂದು, ಬಟ್ಟೆ ಹಿಂಡಿ, ಬೆನ್ನು ಉಜ್ಜುತ್ತಾ ಅವಳು ಅತ್ತಳಂತೆ.

"ಕೇಳಿಸಿದ್ದಿದ್ರೆ ಚೆನ್ನಾಗಿತ್ತು ತೊಕು. ಅಣ್ಣ ಏನೋ ಒಂದು ಕಾರಣಕ್ಕೆ ಹೋದ ಅಂತಾದ್ರೂ ಆಗ್ತಿತ್ತು."

ಅವನು ಹೌದೆಂದ. ಅವಳು ಅವನನ್ನು ಅಣ್ಣಾ ಎನ್ನುವುದನ್ನು ಅಲ್ಲಿಗೆ ಬಿಟ್ಟಳು.

ಆ ಸಂಜೆ ಅವರು ಹೊಳೆಯಲ್ಲಿದ್ದುದನ್ನು ಯಾರೋ ನೋಡಿದ್ದರು. ಮೂರು ದಿನ ಊರು ಉಸಿರು ಬಿಗಿಹಿಡಿದು ಶಿಮೆಯನ್ನು ನೋಡಿತು. ಕೊಟ್ಟಿಗೆಯಲ್ಲಿ ಅವಳ ಪಕ್ಕದ ಜಾಗ ಖಾಲಿಯಾಯಿತು. ನಾನು ಎದ್ದು ಹೋಗಿ ಅಲ್ಲಿ ಕೂತೆ. ಧೈರ್ಯದಿಂದಲ್ಲ, ಅವಳೊಬ್ಬಳೇ ಇರುವುದನ್ನು ನೋಡಲಾರದೆ. ನಾಲ್ಕನೆಯ ದಿನ ಅವಳು ಎಂದಿನಂತೆ ಗಳ ಹೊತ್ತು ದಂಡೆಗೆ ಬಂದಾಗ, ಮಾವ ಮುಖ ಬೇರೆ ಕಡೆ ತಿರುಗಿಸಿಕೊಂಡೇ, ನೀವಿಬ್ಬರೂ ಮೂರನೆಯ ಸರದಿಗೆ ಇಳಿಯಿರಿ ಎಂದರು. ಅಂದಿನಿಂದ ಅವರಿಗೆ ಹೊಳೆಯಲ್ಲಿ ಪಾಲು ಸಿಕ್ಕಿತು.

ಆದರೆ ಅದೇ ಚಳಿಗಾಲ ಹಾತ್ಸು ಅಜ್ಜಿ ತೀರಿಕೊಂಡಳು. ವಯಸ್ಸಾಗಿತ್ತು, ಹಿಮವೂ ಹೆಚ್ಚಿತ್ತು. ಊರು ಮಾತ್ರ ತನ್ನದೇ ಲೆಕ್ಕ ಹಾಕಿ ಮತ್ತೆ ಪಿಸುಗುಟ್ಟಿತು. ಶಿಮೆ ಮಡಕೆ, ಹಾಸಿಗೆ, ಅಣ್ಣನ ಗಳ ತೆಗೆದುಕೊಂಡು ತೊಕುಮಾತ್ಸುವಿನ ಮನೆಗೆ ಬಂದಳು. ಮದುವೆಯ ಶಾಸ್ತ್ರ ಆಯಿತೋ ಇಲ್ಲವೋ, ನಾವ್ಯಾರೂ ಕೇಳಲಿಲ್ಲ. ಮಕ್ಕಳಾಗಲಿಲ್ಲ. ಪಕ್ಕದಲ್ಲೇ ಇದ್ದುದರಿಂದ ಅವರ ಮಾತು ನನಗೆ ಕೇಳಿಸುತ್ತಿತ್ತು: ಉಪ್ಪು ಹೆಚ್ಚಾಯಿತೆಂದು ಜಗಳ, ಕಾಕಿ ಹಣ್ಣು ಯಾರು ತಿಂದರೆಂದು ಜಗಳ. ಹೊಳೆಯಲ್ಲಿ ಮಾತ್ರ ಅವರಷ್ಟು ಒಂದಾಗಿ ದೋಣಿ ಕೂಡಿಸುವವರು ಬೇರೆ ಇರಲಿಲ್ಲ. ಆದರೂ ತೊಕುಮಾತ್ಸು ನೀರಿನ ಮೇಲಿರುವಷ್ಟು ಹೊತ್ತೂ ಅವಳ ಕೈಯ ಮೇಲೆ ಕಣ್ಣಿಟ್ಟಿರುತ್ತಿದ್ದ. ಅವಳಿಗದು ಗೊತ್ತಿತ್ತು. ಕೊನೆಯವರೆಗೂ ಹಾಗೇ ಇದ್ದರು.

ಕಾಲ ಬದಲಾಯಿತು. ಮಾವ ಹೋದರು. ಅಳಿವೆಗೆ ಕಾಂಕ್ರೀಟಿನ ದಡ ಬಂತು. ಮನೆಗಳಿಗೆ ಟೀವಿ ಬಂದ ಮೇಲೆ ಆ ಸಂಜೆ ಒರಳು ಕುಟ್ಟುವವರು ಕಡಿಮೆಯಾದರು. ಮೀನೂ ಕಡಿಮೆಯಾಗಿತ್ತು, ಒಂದು ಸಂಜೆಯನ್ನೂ ಬಿಡಲು ಯುವಕರಿಗೆ ಮನಸ್ಸಿರಲಿಲ್ಲ. ಬಂಡೆಯ ತಿರುವಿನಲ್ಲೇ ಬಲೆ ಬಿಡುತ್ತಿದ್ದರು. ಇದನ್ನು ತೊಕುಮಾತ್ಸುವಿಗೆ ತಾಳಲಾಗಲಿಲ್ಲ. ಬೇಡವೆಂದು ಮನೆಮನೆಗೆ ಹೋಗಿ ಹೇಳಿದ. ತಾತ, ನೀವು ಬಿದ್ದದ್ದು ಮೀನಿನ ಭಾರಕ್ಕೆ, ದನಿಗಲ್ಲ ಎಂದು ನಕ್ಕರು. ಆಗ ಅವನು ಆ ಸಂಜೆ ಬಂಡೆಯ ಮೇಲೆ ಹತ್ತಿ ಕೂತು, ಕತ್ತಲಾಗುವವರೆಗೆ ಕಬ್ಬಿಣದ ಬಾಣಲೆಯನ್ನು ಕಲ್ಲಿನಿಂದ ಬಡಿಯತೊಡಗಿದ. ಪ್ರತಿ ವರ್ಷವೂ. ಕೆಳಗೆ ದೋಣಿಯಲ್ಲಿದ್ದವರು ಮೀನು ಹೆದರುತ್ತದೆಂದು ಬೈಯುತ್ತಿದ್ದರು. ಅವನು ಬಡಿಯುತ್ತಲೇ ಇರುತ್ತಿದ್ದ.

ಒಂದು ವರ್ಷ ಕೆಮ್ಮು ಎದೆಗೆ ಇಳಿದು ಅವನಿಗೆ ಏಳಲಾಗಲಿಲ್ಲ. ಸಂಜೆಯಾಗುತ್ತಿದ್ದಂತೆ ಹಾಸಿಗೆಯಲ್ಲಿ ಹೊರಳಾಡಿ, ಯಾರೂ ಬಡಿಯುತ್ತಿಲ್ಲ, ಯಾರೂ ಬಡಿಯುತ್ತಿಲ್ಲ ಎಂದು ಗೋಗರೆದ. ನಾನು ಗಂಜಿ ತಂದಿದ್ದೆ. ಶಿಮೆ ನನ್ನನ್ನು ಅವನ ಪಕ್ಕ ಕೂರಿಸಿ, ಬಾಣಲೆ ತೆಗೆದುಕೊಂಡು ಹೊರಟಳು. ಗಾಳಿ ಈ ಕಡೆಗಿತ್ತು. ಸ್ವಲ್ಪ ಹೊತ್ತಿಗೆ ಸದ್ದು ಕೇಳಿಸಿತು, ಅವನು ಬಡಿಯುವುದಕ್ಕಿಂತ ಜೋರಾಗಿ. ಅವನು ಸುಮ್ಮನಾದ. ಶಿಮೆ ಒದ್ದೆಯಾಗಿ, ಬೆರಳು ಜಜ್ಜಿಕೊಂಡು ವಾಪಸು ಬಂದಾಗ, ಯಾರಿಗಾದರೂ ಕೇಳಿಸಿತೇ ಎಂದು ಕೇಳಿದ. ಯಾರಿಗೂ ಇಲ್ಲ ಎಂದಳು.

ಅವನು ತೀರಿಕೊಂಡದ್ದು ವಸಂತದಲ್ಲಿ, ಹಿಮ ಕರಗಿ ಸಾಲ್ಮನ್ ಮರಿಗಳು ಕಡಲಿಗೆ ಇಳಿಯುವ ಕಾಲಕ್ಕೆ. ಹಾಸಿಗೆಯ ಮೇಲೆ, ಹಗಲು ಹೊತ್ತಿನಲ್ಲಿ. ಶಿಮೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹೊರುವುದಕ್ಕೆ ಜನ ಬಂದರು. ನನ್ನ ಗಂಡ ಮೊದಲು ಹೆಗಲು ಕೊಟ್ಟ.

ಆ ಶರತ್ಕಾಲದಲ್ಲಿ ಮಳೆ ಚೆನ್ನಾಗಿ ಬಂತು. ಎಷ್ಟೋ ವರ್ಷದಿಂದ ಕಾಣದಷ್ಟು ಮೀನು ಒಮ್ಮೆಲೇ ಒಳಗೆ ಬಂದು, ಹೊಳೆ ಕಪ್ಪಾಗಿ ಕುದಿಯುವಂತೆ ಕಾಣುತ್ತಿತ್ತು. ನಮ್ಮ ಕೊಟ್ಟಿಗೆಯ ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಶಿಮೆ ಮುಂಜಾನೆಯೇ ಬಂದು, ಹಳೆಯ ಅಂಗಿಯ ತೋಳು ಮಡಚಿ, ನನ್ನ ಎದುರು ಕೂತಳು. ಚಾಕು ಮೊಂಡಾಗಿದೆಯಲ್ಲ ಅಕ್ಕ, ಯಾರು ಮಸೆಯುತ್ತಾರೆ ಇಲ್ಲಿ ಎಂದು ಗೊಣಗಿ ತಾನೇ ಮಸೆದುಕೊಂಡಳು. ಹೊಳೆಯ ಕಡೆಯಿಂದ ಹುಡುಗರು ಒಬ್ಬರನ್ನೊಬ್ಬರು ಕೂಗಿ ಕರೆದಾಗಲೆಲ್ಲ ಅವಳ ಕೈ ಅರೆಗಳಿಗೆ ನಿಲ್ಲುತ್ತಿತ್ತು. ಕೂಗಿದವನು ಯಾರೆಂದು ತಿಳಿದ ಮೇಲೆ ಮತ್ತೆ ಸೀಳುತ್ತಿದ್ದಳು. ಸಂಜೆಯವರೆಗೆ ನಾವಿಬ್ಬರೂ ಉಪ್ಪು ಹಾಕಿದೆವು.